ಒಂದೇ ಚೌಕಟ್ಟು

ಬಟನ್ ಇರಬೇಕಾದ ಜಾಗದಲ್ಲಿ ಬಟನ್ ಇರಲಿಲ್ಲ.

ಪರೀಕ್ಷಾ ಕೇಂದ್ರದ ಗಾಜಿನ ಕೋಣೆಯಲ್ಲಿ ಕೂತಿದ್ದವಳು ಪರದೆಯ ಮೂಲೆಮೂಲೆಯನ್ನೂ ಮತ್ತೊಮ್ಮೆ ನೋಡಿದಳು. ಪ್ರಶ್ನೆಗಳೆಲ್ಲ ಮುಗಿದು ಕೊನೆಯ ಪ್ರಾಯೋಗಿಕ ಕೆಲಸವೊಂದು ಉಳಿದಿತ್ತು: ಅಳಿಸಿಹೋದ ಮಾಹಿತಿಯನ್ನು ಬ್ಯಾಕಪ್‌ನಿಂದ ವಾಪಸ್ ತರಬೇಕು. ಆಸ್ಪತ್ರೆಯ ಸರ್ವರ್ ರೂಮಿನಲ್ಲಿ ವರ್ಷಗಟ್ಟಲೆ ಅದನ್ನೇ ಮಾಡಿಕೊಂಡು ಬಂದವಳು ಅವಳು. ಸಾಫ್ಟ್‌ವೇರಿನ ಹಳೆ ವರ್ಷನ್ನಿನಲ್ಲಿ ಎಡಗಡೆ ಮೂಲೆಯ ಬಟನ್ ಒತ್ತಿದರೆ ಅರ್ಧ ಕೆಲಸ ಮುಗಿದ ಹಾಗೆ. ಹೊಸದರಲ್ಲಿ ಆ ಮೂಲೆಯೇ ಬೋಳು. ಈ ಸಾಫ್ಟ್‌ವೇರ್ ಮಾಡುವವರದೂ ಒಂದು ಚಟ. ಮನೆಗೆ ಬಂದ ನೆಂಟರು ಉಪಕಾರ ಮಾಡ್ತೀವಿ ಅಂತ ಅಡುಗೆಮನೆ ಡಬ್ಬಿಗಳನ್ನೆಲ್ಲ ಜಾಗ ಬದಲಾಯಿಸಿ ಹೋಗುವ ಹಾಗೆ. ಉಪ್ಪು ಎಲ್ಲೋ, ಸಕ್ಕರೆ ಎಲ್ಲೋ.

ಮ್ಯಾನೇಜರ್ ಹೇಳಿದ ಮಾತು ಕಿವಿಯಲ್ಲೇ ಇತ್ತು.

"ನಿಮ್ಮ ಸರ್ಟಿಫಿಕೇಟ್ ಹಳೇ ವರ್ಷನ್‌ದು ಮೇಡಂ. ಸೋಮವಾರ ಹೊಸದು ಬರುತ್ತೆ. ಅದರ ಸರ್ಟಿಫಿಕೇಟ್ ಇಲ್ದೋರು ಸರ್ವರ್ ಮುಟ್ಟೋ ಹಾಗಿಲ್ಲ. ನನ್ನ ರೂಲ್ ಅಲ್ಲ ಇದು, ಮೇಲಿಂದ ಬಂದಿದ್ದು."

"ಕಾಗದ ಹಳೇದಾದ್ರೆ ನಾನೂ ಹಳಬಳಾಗ್ಬಿಟ್ನಾ ಸರ್?"

"ಛೆ ಛೆ, ಹಾಗಲ್ಲ. ಪಾಸಾಗಿಬಿಡಿ, ಅಷ್ಟೇ. ಇಲ್ಲಾಂದ್ರೂ ಫೋನ್ ಡೆಸ್ಕ್ ಇದ್ದೇ ಇದೆ. ಪಾಸ್‌ವರ್ಡ್ ಮರ್ತೋರಿಗೆ ಹೊಸದು ಕೊಡ್ತಾ ಇರಿ, ಆರಾಮಾಗಿ."

ಆ 'ಆರಾಮಾಗಿ' ಅವಳ ನಿದ್ದೆ ಕೆಡಿಸಿತ್ತು. ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಅವತ್ತಿನಿಂದ ಮನೆಯಲ್ಲಿ ಅತ್ತೆಯೇ ಮೇಷ್ಟ್ರು. ಹೊಲಿಗೆಯಲ್ಲಿ ಪಳಗಿದ ಕೈ ಅವರದು. ಕಂಪ್ಯೂಟರಿನ ಗಂಧಗಾಳಿ ಗೊತ್ತಿಲ್ಲ. ಆದರೂ ಒಂದು ಕೈಯಲ್ಲಿ ಬಟ್ಟೆ ಹಿಡಿದು, ಇನ್ನೊಂದರಲ್ಲಿ ಸೊಸೆ ಬರೆದುಕೊಟ್ಟ ಪ್ರಶ್ನೆ ಹಿಡಿದು ಓದುವುದು, ಉತ್ತರ ಕೇಳಿ "ತಪ್ಪು" ಅನ್ನುವುದು.

"ಅತ್ತೆ, ನಿಮಗೆ ಉತ್ತರ ಗೊತ್ತೇ ಇಲ್ವಲ್ಲ!"

"ಉತ್ತರ ಯಾರಿಗೆ ಬೇಕು? ಗೊತ್ತಿದ್ರೆ ನೀನು ನನ್ನ ಮುಖ ನೋಡ್ಕೊಂಡು ಹೇಳ್ತೀಯ. ಗೊತ್ತಿಲ್ದಿದ್ರೆ ಸೂರು ನೋಡ್ತೀಯ. ಈಗ ಸೂರು ನೋಡಿದೆ. ಹೋಗು, ಓದು."

ಪುಸ್ತಕ ತೆಗೆದು ನೋಡಿದರೆ ಉತ್ತರ ತಪ್ಪೇ ಆಗಿರುತ್ತಿತ್ತು. ಮುದುಕಿ ಅಸಾಧ್ಯ!

ಈಗಲೂ ಅವಳು ಪರೀಕ್ಷಾ ಕೇಂದ್ರದ ಸೂರು ನೋಡುತ್ತಿದ್ದಳು. ಅದು ಅರಿವಾದದ್ದೇ ತಡ, ಬೆಳಿಗ್ಗೆ ಹೊರಡುವಾಗ ಅತ್ತೆ ಹೇಳಿದ್ದು ನೆನಪಾಯಿತು.

"ಕಾಲಲ್ಲಿ ತುಳಿಯೋ ಮಷೀನ್ ಹೋಗಿ ಮೋಟಾರಿಂದು ಬಂತಲ್ಲ, ಮೊದಲ ದಿನ ನನ್ನ ಕಾಲು ತುಳಿಯೋ ಹಲಗೆ ಎಲ್ಲಿ ಅಂತ ನೆಲ ಎಲ್ಲಾ ತಡಕಾಡ್ತು ಕಣೇ. ಅತ್ತುಬಿಟ್ಟೆ. ಆಮೇಲೆ ನೋಡ್ತೀನಿ, ಕೈಗೆ ಏನೂ ಆಗಿಲ್ಲ! ಎಲ್ಲಿ ತಿರುಗಿಸ್ಬೇಕು, ಎಲ್ಲಿ ನಿಲ್ಲಿಸ್ಬೇಕು, ಎಲ್ಲಾ ಹಾಗೇ ಇದೆ."

ಬಟನ್ ಹುಡುಕುವುದನ್ನು ಅವಳು ಅಲ್ಲಿಗೇ ಬಿಟ್ಟಳು. ಕಣ್ಣು ಮುಚ್ಚಿ ಕೆಲಸವನ್ನು ನೆನೆದಳು. ಮೊದಲು ಪೂರ್ತಿ ನಕಲು. ಅದರ ಮೇಲೆ ಆಮೇಲಾದ ಬದಲಾವಣೆಗಳು, ಒಂದರ ಹಿಂದೆ ಒಂದು. ಎಲ್ಲ ಸೇರುವ ತನಕ ಯಾರಿಗೂ ಮಾಹಿತಿಯ ಬಾಗಿಲು ತೆಗೆಯಬಾರದು. ಇಷ್ಟೇ ತಾನೇ? ಕಣ್ಣು ತೆರೆದು, ಮೇಲಿದ್ದ ಹುಡುಕುವ ಪಟ್ಟಿಯಲ್ಲಿ ಬೇಕಾದ ಕೆಲಸದ ಹೆಸರು ಬರೆದಳು. ಬಂತು! ನಕಲು ಕೂತಿತು, ಬದಲಾವಣೆಗಳು ಒಂದೊಂದಾಗಿ ಕೂರತೊಡಗಿದವು. ನಡುವೆ ಹೊಸ ವರ್ಷನ್ ಹಳೆಯದು ಎಂದೂ ಕೇಳದ ಪ್ರಶ್ನೆಯೊಂದನ್ನು ಕೇಳಿತು: ಯಾವ ಕ್ಷಣದವರೆಗಿನ ಬದಲಾವಣೆ ಸೇರಿಸಿ ನಿಲ್ಲಿಸಲಿ, ಮೊದಲೇ ಒಮ್ಮೆ ತೋರಿಸಲೇ? ಹಿಂದೆಲ್ಲ ಇದನ್ನು ಉಸಿರು ಬಿಗಿಹಿಡಿದು ಅಂದಾಜಿನ ಮೇಲೆ ಮಾಡುತ್ತಿದ್ದಳು. 'ಪರವಾಗಿಲ್ವೇ, ಬುದ್ಧಿ ಬಂದಿದೆ ನಿಂಗೆ' ಎಂದು ಮನಸ್ಸಿನಲ್ಲೇ ಅದರ ಬೆನ್ನು ತಟ್ಟಿ, ಮಾಹಿತಿ ಅಳಿಸಿಹೋದ ಕ್ಷಣಕ್ಕಿಂತ ತುಸು ಮುಂಚೆ ಬೆರಳಿಟ್ಟು ನಿಲ್ಲಿಸಿದಳು. ಕೊನೆಗೆ ಬಾಗಿಲು ತೆಗೆದಳು. ಹೋದದ್ದೆಲ್ಲ ಸಾಲಾಗಿ ಬಂದು ಕೂತಿತ್ತು.

ಪರದೆಯ ಮೇಲೆ 'ಉತ್ತೀರ್ಣ' ಎಂದು ಬಂದಾಗ ಕೋಣೆಯಲ್ಲಿ ಸದ್ದು ಮಾಡುವ ಹಾಗಿರಲಿಲ್ಲ. ಮೇಜಿನ ಕೆಳಗೆ ಎರಡೂ ಕಾಲು ಕುಣಿಸಿದಳು.

ಕೇಂದ್ರದವರು ಅಚ್ಚು ಹಾಕಿಕೊಟ್ಟ ಹೊಸ ಸರ್ಟಿಫಿಕೇಟ್ ಹಿಡಿದು ಹೊರಗೆ ಬಂದವಳೇ ಮ್ಯಾನೇಜರಿಗೆ ಫೋನ್ ಹಚ್ಚಿದಳು. "ಸರ್, ಸೋಮವಾರ ಸರ್ವರ್ ರೂಮಿನ ಕೀ ನನ್ನ ಹತ್ರಾನೇ ಇರುತ್ತೆ. ನೀವು ಆರಾಮಾಗಿರಿ."

ಮನೆಯಲ್ಲಿ ಅತ್ತೆ ಹೊಲಿಯುತ್ತ ಕೂತಿದ್ದರು. ಮಷೀನ್ ನಿಲ್ಲಿಸಿ, ಒಮ್ಮೆ ಸೊಸೆಯ ಮುಖ ನೋಡಿ, "ಗೊತ್ತಿತ್ತು" ಎಂದರು. ಅಷ್ಟು ಹೇಳಿದ್ದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸೊಸೆ ಅವರನ್ನು ಕುರ್ಚಿ ಸಮೇತ ತಬ್ಬಿಕೊಂಡಳು.

ಗೋಡೆಯ ಮೇಲಿನ ಹಳೆ ಸರ್ಟಿಫಿಕೇಟ್ ಚೌಕಟ್ಟಿನೊಳಗೆ ಹಳದಿಯಾಗಿತ್ತು. ಸೊಸೆ ಅದನ್ನು ಕೆಳಗಿಳಿಸಿ, ಹಿಂದಿನ ರಟ್ಟು ಬಿಚ್ಚಿ, ಹಳೆ ಹಾಳೆಯನ್ನು ಹೊರಗೆಳೆಯಹೋದಳು.

"ಏಯ್, ಅದನ್ಯಾಕೆ ತೆಗೀತೀಯ? ಅಲ್ಲೇ ಇರ್ಲಿ. ಇದನ್ನ ಅದರ ಮುಂದೆ ಇಡು."

ಹೊಸ ಹಾಳೆ ಗಾಜಿಗೆ ತಾಗಿ ಕೂತಿತು, ಹಳೆಯದು ಅದರ ಬೆನ್ನಿಗೆ. ಸೊಸೆ ರಟ್ಟನ್ನು ಅದುಮಿ ಮೊಳೆಗಳನ್ನು ಬಿಗಿಯಾಗಿ ಬಾಗಿಸಲು ಹೊರಟಾಗ ಅತ್ತೆ ಕೈ ಹಿಡಿದರು.

"ಅಷ್ಟೊಂದು ಬಿಗೀಬೇಡ, ಒಳಗೆ ಸ್ವಲ್ಪ ಜಾಗ ಬಿಡು. ಬೆಳೆಯೋ ಮಕ್ಕಳ ಅಂಗಿಗೆ ನಾನು ಬಟ್ಟೆ ಬಿಟ್ಟು ಹೊಲಿಯಲ್ವಾ, ಹಾಗೆ."