ಶಿರಸ್ತೇದಾರರ ಬಲದೋಳು

ಟಿವಿ ರಿಮೋಟಿಗೆ ಕೈಚಾಚಿ ದಿವಾನ್ ಮಂಚದಿಂದ ಉರುಳಿದ ನಿವೃತ್ತ ಶಿರಸ್ತೇದಾರ ರುದ್ರಮುನಿಯಪ್ಪನ ಬಲದೋಳು ಭುಜದ ಹತ್ತಿರ ಮುರಿದು, ಪ್ಲೇಟು ಕೂರಿಸಿ ಆರು ವಾರವಾಗಿತ್ತು. ಈಗಿನ ಪ್ಲೇಟುಗಳು ಮೂಳೆಯ ಮಾತು ಮೀರುವುದಿಲ್ಲ. ಮುರಿಯುವ ಮುಂಚೆ ತೋಳು ಮಾಡಿಕೊಂಡು ಬಂದ ಕೆಲಸವನ್ನಷ್ಟೇ ಮಾಡಗೊಡುತ್ತವೆ. ಎರಡು ವರ್ಷದ ಹಿಂದೆ ಅವನ ಹೆಂಡತಿ ಕೊಟ್ರಮ್ಮನಿಗೂ ಅಂಥದ್ದೇ ಹಾಕಿದ್ದರು. ಹೊಲಿಗೆ ಬಿಚ್ಚಿದ ದಿನವೇ ಅವಳ ತೋಳು ಅಟ್ಟದ ಮೇಲಿನ ಹಂಡೆ ಇಳಿಸಿತ್ತು. ಇವನು ಅಂದೇ ಸಂಜೆ ಹೋಳಿಗೆ ಮಾಡಿಸಿಕೊಂಡು ತಿಂದಿದ್ದ.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ನಸೀಮಾ ಅವನಿಗೆ ಕಾಫಿ ಲೋಟ ಕೊಟ್ಟಳು. ತೋಳು ಸಲೀಸಾಗಿ ಬಾಯಿಯವರೆಗೆ ಹೋಯಿತು. ಬಕೆಟ್ ಎತ್ತಲು ಹೇಳಿದಳು. ಅಲುಗಲಿಲ್ಲ. ಹಗ್ಗದ ಮೇಲಿನ ಟವೆಲ್ ತೆಗೆಯಲು ಹೇಳಿದಳು. ಅದೂ ಆಗಲಿಲ್ಲ.

"ಡಬ್ಬಾ ಪ್ಲೇಟ್ ಹಾಕಿದೀರಿ! ಕರೀರಿ ಡಾಕ್ಟರನ್ನ!" ಎಂದು ಅವನು ಬಾಗಿಲತ್ತ ಬೆರಳು ತೋರಿಸಿದ. ತೋಳು ನೆಟ್ಟಗೆ ಮೇಲೆದ್ದಿತ್ತು.

ಜೊತೆಗೆ ಬಂದಿದ್ದ ಕೊಟ್ರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಲವತ್ತು ವರ್ಷ ಆ ತೋಳಿನ ತಾಲೀಮು ನೋಡಿದವಳು ಅವಳು.

"ಪ್ಲೇಟಿಗೇನೂ ಆಗಿಲ್ಲ ಸರ್," ಎಂದಳು ನಸೀಮಾ. "ಕೊನೇದೊಂದು ನೋಡೋಣ. ಅಮ್ಮನ ಹೆಗಲ ಮೇಲೆ ಕೈ ಇಡಿ. ಇದಂತೂ ಎಲ್ಲರಿಗೂ ಬರುತ್ತೆ."

ಕೊಟ್ರಮ್ಮ ನಗು ನಿಲ್ಲಿಸಿ ಪಕ್ಕಕ್ಕೆ ಬಂದು ನಿಂತಳು. ರುದ್ರಮುನಿಯಪ್ಪ ಹಲ್ಲು ಕಚ್ಚಿದ, ಬೆವರಿದ. ತೋಳು ಒದ್ದೆ ಬಟ್ಟೆಯಂತೆ ಜೋತುಬಿದ್ದೇ ಇತ್ತು. ನಸೀಮಾ ತಲೆ ತಗ್ಗಿಸಿದಳು.

"ಬಿಡವ್ವ," ಎನ್ನುತ್ತ ಕೊಟ್ರಮ್ಮ ಅವನ ಚೀಲವನ್ನೂ ತನ್ನ ಹೆಗಲಿಗೇ ಏರಿಸಿಕೊಂಡಳು. "ಒಂದು ಸಲನಾದ್ರೂ ಮಾಡಿದ್ರೆ ತಾನೇ ಅದಕ್ಕೆ ನೆನಪಿರೋದು."