ಹಸಿರು ಗುರುತಿನ ಹಾಳೆ

"ಮೂಸಿ ನೋಡು ಮಗಳೇ, ಇದು ಕುಡಿಯೋ ನೀರಾ?" ಎಂದು ಅಜ್ಜಿ ಬಿಂದಿಗೆಯನ್ನು ಬಾಗಿಸಿ ಹಿಡಿದಳು. ಸೈನ್ಯದ ಯೋಜನಾ ಕಚೇರಿಯಿಂದ ಬಂದಿದ್ದ ಪರಿಸರ ಅಧಿಕಾರಿ ಮೂಸಿದಳು. ಡೀಸೆಲ್ ವಾಸನೆ ಮೂಗಿಗೆ ಬಡಿಯಿತು. ಊರ ಬಾವಿಯ ಮೇಲ್ಗಡೆಯ ದಿಬ್ಬದಲ್ಲಿ ಸೈನ್ಯದ ಕಾರ್ಯಾಚರಣೆಯ ಇಂಧನದ ಪೀಪಾಯಿಗಳು ಎರಡು ತಿಂಗಳು ನಿಂತಿದ್ದವು.

"ಇಲ್ಲೊಂದು ಬಾವಿ ಇದೆ ಅಂತ ಹೇಳೋರು ಒಬ್ಬರೂ ಇರಲಿಲ್ವಾ? ದೊಡ್ಡ ದೊಡ್ಡ ನಕ್ಷೆ ಹರಡ್ಕೊಂಡು ಕೂತಿರ್ತಾರಂತಲ್ಲ."

ನಕ್ಷೆಯೇನೋ ಇತ್ತು. ಅದರ ಮೇಲೆ ಒಂದೊಂದು ವಿಭಾಗವೂ ತನ್ನ ಪಾರದರ್ಶಕ ಹಾಳೆ ಹಾಸುವುದು ಕಚೇರಿಯ ಕ್ರಮ: ದಾರಿಯದು, ಇಂಧನದ್ದು, ಎಲ್ಲಕ್ಕೂ ಕೊನೆಗೆ ಪರಿಸರ ಅಧಿಕಾರಿಯ ಹಸಿರು ಗುರುತಿನದು. ಆ ಹಾಳೆಯಲ್ಲಿ ಈ ಬಾವಿಯ ಸುತ್ತ ಅವಳೇ ಹಸಿರು ಗೆರೆ ಎಳೆದಿದ್ದಳು. ಆದರೆ ಯೋಜನೆಯ ಸಭೆಯಲ್ಲಿ ಅವಳ ಸರದಿ ಬರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. "ಇನ್ನು ನಿಮ್ಮ ಕಪ್ಪೆ, ಗುಬ್ಬಚ್ಚಿ ಮಾತ್ರ ಬಾಕಿ, ಅಲ್ವಾ ಮೇಡಂ?" ಎಂದು ದೊಡ್ಡ ಸಾಹೇಬರು ಅಂದಾಗ ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕು, "ಫೈಲಿಗೆ ಸೇರಿಸ್ತೀನಿ ಸರ್" ಎಂದು ಹಾಳೆಯನ್ನು ಹಾಸದೆಯೇ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಹೋಗ್ಲಿ ಬಿಡು, ನೀನ್ಯಾಕೆ ಮುಖ ಸಣ್ಣ ಮಾಡ್ಕೋತೀಯ?" ಅಜ್ಜಿ ಪಕ್ಕದ ಕಲ್ಲನ್ನು ಅಂಗೈಯಿಂದ ಒರೆಸತೊಡಗಿದಳು. "ಕೂತ್ಕೋ ಬಾ. ಪಾಪ, ನೀನೇನು ಮಾಡಿದೀಯ."

"ಹೇಳಬೇಕಾಗಿದ್ದವಳು ನಾನೇ ಅಜ್ಜಿ. ಹೇಳಲಿಲ್ಲ."

ಒರೆಸುತ್ತಿದ್ದ ಕೈ ಹಾಗೇ ನಿಂತಿತು. ಅಜ್ಜಿ ಬಿಂದಿಗೆಯ ನೀರನ್ನು ಮಣ್ಣಿಗೆ ಸುರಿದು, ಖಾಲಿ ಬಿಂದಿಗೆಯನ್ನು ಆ ಕಲ್ಲಿನ ಮೇಲೆ ಇಟ್ಟಳು.