ಮಣ್ಣು ಮುಚ್ಚದ ಬೀಜ

ಕ್ಲಿಯೋಮ್ ಹೂಗಿಡದ ಅಂಟಂಟು ಘಾಟು ಮೂಗಿಗೆ ಬಡಿದರೆ ಈಗಲೂ ನವನಗರದ ಅಜ್ಜಿಯ ಮನೆಯ ಹಿತ್ತಲು ನೆನಪಾಗುತ್ತದೆ.

ಆಗ ನಾನು ರಜೆಗೆ ಅಲ್ಲಿದ್ದೆ. ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನವ್ವನ ತಂಗಿ ಚಿಗವ್ವ ದವಾಖಾನೆಯಿಂದ ಬರಿಗೈಯಲ್ಲಿ ಮರಳಿದ್ದಳು. "ಕೂಸು ಎಲ್ಲೈತಿ?" ಎಂದ ನನ್ನನ್ನು ಅಜ್ಜಿ ಕಣ್ಣಲ್ಲೇ ಗದರಿಸಿದ್ದಳು.

ಒಂದು ಮಧ್ಯಾಹ್ನ ಚಿಗವ್ವ ತಾನಾಗಿಯೇ ಕೋಣೆಯಿಂದ ಹೊರಗೆ ಬಂದಳು. ಪಕ್ಕದ ಮನೆಯವರು ಕಿತ್ತು ಕೊಟ್ಟಿದ್ದ, ಇನ್ನೂ ಪೂರ್ತಿ ಒಣಗದ ಕ್ಲಿಯೋಮ್ ಗಿಡವೊಂದನ್ನು ತೊಡೆಯ ಮೇಲಿಟ್ಟುಕೊಂಡು ಅದರ ಸಪೂರ ಕಾಯಿಗಳನ್ನು ಬಿಡಿಸಿದಳು. ಸಾಸಿವೆಗಿಂತ ಸಣ್ಣ ಬೀಜಗಳು ಅಂಗೈಗೆ ಉದುರಿದವು. ಹಿತ್ತಲಿನ ಮಡಿಯ ಹಸಿ ಮಣ್ಣಿನ ಮೇಲೆ ಅವನ್ನು ಚೆಲ್ಲಿ ಮೆಲ್ಲಗೆ ಒತ್ತಿದಳು. ನಾನು ಬೊಗಸೆ ಮಣ್ಣು ತಂದು ಮೇಲೆ ಸುರಿಯಹೋದೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಬ್ಯಾಡ, ಮಣ್ಣು ಮುಚ್ಚಬ್ಯಾಡ. ಬೆಳಕ ಬಿದ್ರ ಇವು ಹುಟ್ತಾವ."

ಬಾಗಿಲಲ್ಲಿದ್ದ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಮೊಳಕೆ ಏಳುವ ಮೊದಲೇ ಚಿಗವ್ವನ ಗಂಡ ಕಾಕಾ ಬಂದು ಅವಳನ್ನು ಹುನಗುಂದದ ತಮ್ಮ ಮನೆಗೆ ಕರೆದುಕೊಂಡು ಹೋದ. ಹಸಿರು ಕಂಡ ದಿನ ಅಜ್ಜಿಯ ಫೋನಿನಿಂದ ನಾನೇ ಹೇಳಿದೆ.

"ಚಿಗವ್ವ, ಬೀಜ ಹುಟ್ಯಾವ!"



"ಖರೇನ? ಫೋನ್ ಅವ್ವಗ ಕೊಡು. ಆಕಿ ನೋಡಿ ಹೇಳ್ಲಿ."

ಮೊಣಕಾಲು ನೋವೆಂದು ನೆಲಕ್ಕೆ ಕೂರದ ಅಜ್ಜಿ ಆ ಮಡಿಯ ಪಕ್ಕ ಕುಸಿದು ಕುಳಿತಳು.

"ಖರೇನ ನನ್ನವ್ವಾ, ಜೀವಂತ ಅದಾವ. ನಾ ಕಣ್ಣಾರೆ ನೋಡಾಕತ್ತೇನಿ," ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದಳು.